ಮೀನಿನ ಪಾವಟಿಗೆ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಅನ್ನುತ್ತಾರೆ. ಆ ಮಾತನ್ನು ನೆಚ್ಚಿಕೊಂಡು ನಾನು ಏಳು ವರ್ಷ ಒಬ್ಬ ಮನುಷ್ಯನ ದಾರಿ ಕಾದೆ. ಪ್ರೀತಿಯಿಂದಲ್ಲ.

ಹುಮನಾಬಾದಿನ ಕಾಲೇಜೊಂದರಲ್ಲಿ ನಾನು ಪ್ರಯೋಗಾಲಯದ ಸಹಾಯಕಿ. ಬಸವಕಲ್ಯಾಣದಿಂದ ದಿನಾ ಬಸ್ಸು ಹಿಡಿದು ಬಂದು, ಹಿಂದಿನ ತಗಡಿನ ಶೆಡ್ಡಿನಲ್ಲಿ ಅಣೆಕಟ್ಟುಗಳ ಪುಟ್ಟ ಮಾದರಿ ಕಟ್ಟುತ್ತೇನೆ. ನೀರು ಬಿಟ್ಟು ಮೇಲೆ ಒಂದು ಚಿಟಿಕೆ ಅರಿಸಿನ ಉದುರಿಸಿದರೆ ಹರಿವು ಎಲ್ಲಿ ಸುಳಿಯುತ್ತದೆ, ಎಲ್ಲಿ ನುಗ್ಗುತ್ತದೆ ಎಲ್ಲ ಕಾಣುತ್ತದೆ.

ಎಂಟು ವರ್ಷದ ಹಿಂದೆ ಎಂಜಿನಿಯರ್ ಸಾಹೇಬರೊಬ್ಬರು ಮುಡಬಿ ಕಡೆಯ ಹೊಳೆಗೆ ಕಟ್ಟುವ ಬ್ಯಾರೇಜಿನ ನಕ್ಷೆ ತಂದರು. ಮಿರಗದ ಮಳೆಯ ಹೊಸ ನೀರಿಗೆ ಮೀನುಗಳು ಮೇಲೇರಿ ಮೊಟ್ಟೆ ಇಡುತ್ತವಲ್ಲ, ಅವು ಹತ್ತಲೆಂದು ಗೋಡೆಯ ಪಕ್ಕ ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಪಾವಟಿಗೆಗಳು. ಹೊಳೆಯ ಹದಿನಾರು ಅಡಿ ನನ್ನ ಮಾದರಿಯಲ್ಲಿ ಒಂದು ಅಡಿ. ನನ್ನ ಅಕ್ಕನನ್ನು ಕೊಟ್ಟದ್ದು ಆ ಹೊಳೆಯ ಮೇಲ್ದಂಡೆಯ ಊರಿಗೇ. ಅವಳ ಮನೆ ನಡೆಯುವುದು ಭಾವನ ಬಲೆಯಿಂದ. ಅದಕ್ಕೇ ಆ ಮಾದರಿಯನ್ನು ಜೀವ ತೇಯ್ದು ಕಟ್ಟಿದೆ.

ಎಲ್ಲರಿಗೂ ತೋರಿಸುವ ದಿನ ಸಾಹೇಬರು ಬೆರಳುದ್ದದ ಮೀನುಗಳನ್ನು ಮಾದರಿಯಲ್ಲಿ ಬಿಟ್ಟರು. ಸರಸರನೆ ಹತ್ತಿದವು. ಚಪ್ಪಾಳೆ ಬಿತ್ತು.

"ಸಾಹೇಬ್ರ, ಈ ಮಾಡೆಲ್‌ದಾಗ ನೀರು ನಾಕು ಪಟ್ಟು ನಿಧಾನ ಹರೀತದ್ರಿ. ಹೊಳ್ಯಾಗ ಇದೇ ಮೀನು ಹತ್ತಂಗಿಲ್ರಿ," ಅಂದೆ.

ಅವರು ನನ್ನತ್ತ ತಿರುಗಲೂ ಇಲ್ಲ. "ಬಾಯೀ, ನಿಮ್ಮ ಕೆಲ್ಸ ನೀರು ತುಂಬೋದು. ಲೆಕ್ಕ ನಮಗ ಬಿಡ್ರಿ."

ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಬಕೆಟ್ ಇತ್ತು.

ಬ್ಯಾರೇಜು ಎದ್ದಿತು. ಮೊದಲ ಮಿರಗಕ್ಕೇ ಅಕ್ಕನ ಫೋನು. "ಮೀನು ಕೆಳಗೇ ತೆಲಿ ಬಡ್ಕೊಂಡು ಸಾಯಾಕತ್ತಾವ. ನೀನೇ ಕಟ್ಟಿದ ಪಾವಟಿಗಿ ಅಲ್ಲೇನ ಇದು?" ಎರಡು ವರ್ಷ ನೋಡಿ ಭಾವ ಬಲೆಯನ್ನು ಅಟ್ಟಕ್ಕೆ ಹಾಕಿ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋದ. ಮಾತಿನ ಪೆಟ್ಟು ಮಾಯುವುದಿಲ್ಲ. ನನಗಂತೂ ಅದು ಮಾಯುವುದು ಬೇಕಿರಲೂ ಇಲ್ಲ.

ಹೋದ ವರ್ಷ ಅದೇ ಸಾಹೇಬರು ಬಂದರು, ಇನ್ನೊಂದು ಬ್ಯಾರೇಜಿಗೆ ಅದೇ ಪಾವಟಿಗೆಯ ನಕ್ಷೆ ಹಿಡಿದು. ನನಗಾದ ಸಂತೋಷ ಹೇಳತೀರದು. ತುಟಿ ಪಿಟಕ್ಕೆನ್ನದೆ ಮಾದರಿ ಕಟ್ಟಿಕೊಟ್ಟೆ. ಜೊತೆಗೆ, ಹುಡುಗರ ಪ್ರಯೋಗಕ್ಕೆಂದು ಪ್ರಾಂಶುಪಾಲರನ್ನು ಒಪ್ಪಿಸಿ, ಅಂಗಳದಲ್ಲಿ ಒಂದೇ ಒಂದು ಪಾವಟಿಗೆ ಕಟ್ಟಿದೆ. ಹೊಳೆಯಲ್ಲಿರುವಷ್ಟೇ ದೊಡ್ಡದು.

ಆ ದಿನ ಸಾಹೇಬರ ಮೇಲಧಿಕಾರಿಗಳೂ ಬಂದಿದ್ದರು. ಮಾದರಿಯಲ್ಲಿ ಮೀನು ಹತ್ತಿದವು, ಚಪ್ಪಾಳೆಯೂ ಆಯಿತು. ಆಮೇಲೆ ನಾನು, "ಹೊರಗ ಇನ್ನೊಂದು ನೋಡೋದದ, ಬರ್ರಿ," ಎಂದು ಎಲ್ಲರನ್ನೂ ಕರೆದೊಯ್ದು ಮೋಟಾರ್ ಚಾಲೂ ಮಾಡಿದೆ. ಅವೇ ಮೀನುಗಳನ್ನು ಬಿಟ್ಟೆ. ನೀರು ಅವನ್ನು ಎತ್ತಿ ಹೊರಗೆ ಎಸೆಯಿತು. ಸಾಹೇಬರ ಬೂಟಿನ ಮುಂದೆ ಬಿದ್ದು ವಿಲವಿಲ ಒದ್ದಾಡಿದವು. ಅವರ ಮುಖ ಸುಣ್ಣದ ಹಾಗೆ ಬಿಳುಚಿತು. ಕಣ್ತುಂಬ ನೋಡಿದೆ.

"ಇದನ್ನ ಮೊದ್ಲೇ ಯಾರರ ಹೇಳ್ಬೇಕಿತ್ತು," ಅಂದರು ಮೆತ್ತಗೆ.

ಏಳು ವರ್ಷ ನಾನು ಜತನದಿಂದ ಕಾಪಾಡಿದ ಮಾತು ಆ ಮನುಷ್ಯನಿಗೆ ನೆನಪೇ ಇರಲಿಲ್ಲ! ಮೈಯೆಲ್ಲ ಉರಿಯಿತು.

"ಈಗ ಏನು ಮಾಡೋಣ, ಹೇಳ್ರಿ ಬಾಯೀ." ನಿಜವಾಗಿಯೇ ಕೇಳಿದರು. ಪಾವಟಿಗೆ ತಗ್ಗಿಸಬೇಕು, ನಡುನಡುವೆ ಮೀನು ದಣಿವಾರಿಸಿಕೊಳ್ಳಲು ಹೊಂಡ ಬೇಕು. ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ನಾನು ಬಕೆಟ್ ಎತ್ತಿ ಅವರ ಕೈಗೆ ಕೊಟ್ಟೆ. "ನಿಮ್ಮ ಕೆಲ್ಸ ನೀರು ತುಂಬೋದ್ರಿ. ಲೆಕ್ಕ ನಮಗ ಬಿಡ್ರಿ."

ಈ ಸಲ ನಕ್ಕವರು ಅವರ ಮೇಲಧಿಕಾರಿಗಳು. ಸಾಹೇಬರು ಬಕೆಟ್ ಕೆಳಗಿಟ್ಟು ಸೀದಾ ಜೀಪು ಹತ್ತಿ ಹೋದರು. ಆ ನಕ್ಷೆ ಅಲ್ಲಿಗೇ ಬಿದ್ದುಹೋಯಿತು. ಅವರು ಮತ್ತೆ ನಮ್ಮ ಕಾಲೇಜಿನತ್ತ ಬರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಿಂದಲೇ ಅಕ್ಕನಿಗೆ ಫೋನು ಹಚ್ಚಿ, ಅವರ ದನಿಯಲ್ಲೇ ಅಣಕಿಸುತ್ತ ಎಲ್ಲ ಹೇಳಿದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಛಲೋ ಮಾಡ್ದಿ ನೋಡು. ಹಂಗಾರ ನಮ್ಮ ಪಾವಟಿಗಿ ಯಾವಾಗ ಒಡೆದು ಕಟ್ತಾರಂತ?"

ಅದನ್ನು ನಾನು ಕೇಳಿರಲೇ ಇಲ್ಲ.