ಕೀಲಿ ಕೊಟ್ಟ ಎಪ್ಪತ್ತೊಂದು ದಿನ

ಸೆಕೆಂಡಿನ ಸಣ್ಣ ಮುಳ್ಳು ನಲವತ್ತಮೂರರ ಮೇಲೆ ನಿಂತಿತ್ತು. ಕೈಗಡಿಯಾರವನ್ನು ಕಿವಿಗಿಟ್ಟುಕೊಂಡೆ. ಸದ್ದಿಲ್ಲ.

ಅದು ದೊಡ್ಡಪ್ಪನದು. ಅವರು ನಾಶಿಕದ ಅಂಬಡ್‌ನಲ್ಲಿ ಒಂದು ಕಾರ್ಖಾನೆಗೆ ಅಚ್ಚುಗಳನ್ನು ತಯಾರಿಸುತ್ತಿದ್ದರು. ನಿವೃತ್ತಿಯ ದಿನ ಮಾಲೀಕರು ತಮ್ಮ ಕೈಯಿಂದ ಬಿಚ್ಚಿ ಇವರ ಕೈಗೆ ಕಟ್ಟಿದ್ದರಂತೆ. ಅಂಥವು ಮಾಡಿದ್ದೇ ಐವತ್ತು; ಇದು ಹದಿನೇಳನೆಯದೆಂದು ಹಿಂದೆ ಕೆತ್ತಿತ್ತು. ದೊಡ್ಡಪ್ಪ ಆಸ್ಪತ್ರೆಯಲ್ಲಿ ಅದನ್ನು ಅಪ್ಪನಿಗೆ ಕೊಟ್ಟಾಗ ನಡೆಯುತ್ತಿತ್ತು. ಅಂದಿನಿಂದ ಒಮ್ಮೆಯೂ ನಿಂತಿಲ್ಲವೆಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ತೀರಿಕೊಂಡ ಅಣ್ಣನ ಬಗ್ಗೆ ಅವರು ಹೇಳುತ್ತಿದ್ದದ್ದು ಅಷ್ಟೇ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಬ್ಯಾಂಕಿನವರು ಅಪ್ಪನನ್ನು ಔರಂಗಾಬಾದಿಗೆ ವರ್ಗ ಮಾಡಿದರು. ಆ ಊರು ಛತ್ರಪತಿ ಸಂಭಾಜಿನಗರವಾದದ್ದು ಆಮೇಲೆ. ಅಮ್ಮ ಮತ್ತು ನಾನು ನಾಶಿಕದಲ್ಲೇ ಉಳಿದೆವು. ಅಪ್ಪನಿಗೆ ಅಲ್ಲಿ ಸಹೋದ್ಯೋಗಿಗಳ ಜೊತೆ ಒಂದು ಬಾಡಿಗೆ ಕೋಣೆ. ಬಾಗಿಲಿಗೆ ನೆಟ್ಟಗೆ ಚಿಲಕವೂ ಇರಲಿಲ್ಲ. ಹಾಗಾಗಿ ಹೊರಡುವಾಗ ಗಡಿಯಾರವನ್ನು ನನಗೆ ಒಪ್ಪಿಸಿದರು.

“ದಿನಾ ಮುಂಜಾನೆ ಮರೀದ ಕೀಲಿ ಕೊಡವಾ.”

ನಾನು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಮನೆಯಲ್ಲಿ ಕೇಳಿದಷ್ಟು. ನನಗೆ ಗೊತ್ತಿದ್ದ ಕೀಲಿ ಒಂದೇ, ಬಾಗಿಲಿಗೆ ಹಾಕುವುದು. ಅದನ್ನು ನಮ್ಮಲ್ಲಿ ಯಾರೂ ‘ಕೊಡುತ್ತಿರಲಿಲ್ಲ’. ಆ ವ್ಯತ್ಯಾಸ ನನ್ನ ಕಿವಿಗೆ ಬೀಳಲಿಲ್ಲ. ದಿನವೂ ಬೆಳಿಗ್ಗೆ ಗಡಿಯಾರವಿಟ್ಟ ಕಬ್ಬಿಣದ ಕಪಾಟಿಗೆ ಕೀಲಿ ಹಾಕಿದೆಯೇ ಎಂದು ಹಿಡಿಕೆ ಎಳೆದು ನೋಡಿ ಶಾಲೆಗೆ ಹೋಗುತ್ತಿದ್ದೆ.

ಸಂಜೆ ಅಪ್ಪ ಫೋನ್ ಮಾಡುತ್ತಿದ್ದರು. “ಕೀಲಿ ಕೊಟ್ಟಿ?”

“ಕೊಟ್ಟೇನ್ರಿ ಅಪ್ಪಾ.”

“ಶಾಣ್ಯಾಕಿ.”

ದೀಪಾವಳಿಯ ರಜೆಗೆ ಅಮ್ಮ ಮತ್ತು ನಾನು ಅಲ್ಲಿಗೆ ಹೊರಡುವ ಮುನ್ನಾದಿನ ಕಪಾಟು ತೆರೆದಾಗ ಕಂಡದ್ದು ಆ ನಿಂತ ಮುಳ್ಳು. ಸೆಲ್ ಮುಗಿದಿದೆ ಎಂದುಕೊಂಡು ಮೇನ್ ರೋಡಿನ ರಿಪೇರಿಯವರ ಬಳಿ ಒಯ್ದೆ.

ಅವರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದರು. ಬಹಳ ಹೊತ್ತು ಏನೂ ಮಾಡದೆ ನೋಡಿದರು. ಆಮೇಲೆ ಮಸೂರವನ್ನು ನನಗೆ ಕೊಟ್ಟರು. ಲೋಹದ ಪಟ್ಟಿಗಳ ಮೇಲೆ ಒಂದೇ ಅಂತರದ ಗೆರೆಗಳು. ಮುಚ್ಚಳದಡಿ ಯಾರಿಗೂ ಕಾಣದ ಜಾಗದಲ್ಲೂ ಪ್ರತಿ ಅಂಚನ್ನು ಓರೆಯಾಗಿ ಅರೆದು ಹೊಳಪು ಕೊಟ್ಟಿದ್ದರು. ತಿರುಪುಗಳು ಕಾಯಿಸಿ ನೀಲಿ ಬರಿಸಿದಂಥವು. ಒಂದು ಒಳಮೂಲೆಯನ್ನು ತೋರಿಸಿ, ಇಲ್ಲಿಗೆ ಯಂತ್ರ ಹೋಗುವುದಿಲ್ಲ, ಕೈಯೇ ಬೇಕು ಎಂದರು.

“ಹೊಸ ಸೆಲ್ ಇದೆಯಾ?” ಎಂದು ಮರಾಠಿಯಲ್ಲಿ ಕೇಳಿದೆ.

“ಸೆಲ್ ಕಸಲಾ, ಬಾಳಾ? ಯಾಲಾ ರೋಜ್ ಚಾವೀ ದ್ಯಾಯಚೀ!”

ಸೆಲ್ ಎಲ್ಲಿಯದು, ಇದಕ್ಕೆ ದಿನವೂ ಚಾವಿ ಕೊಡಬೇಕು. ಮರಾಠಿಯಲ್ಲಿ ಕೇಳಿದ ಮೇಲೆ ಅಪ್ಪನ ಕನ್ನಡ ತಿಳಿಯಿತು. ರಿಪೇರಿಯವರು ಪಕ್ಕದ ಪುಟ್ಟ ಗುಂಡಿಯನ್ನು ತಿರುವಿದರು, ಮುಳ್ಳು ಹೊರಟಿತು. ಸಮಯ ಹೊಂದಿಸಿ, ಅಪ್ಪನಿಗೆ ಗೊತ್ತೇ ಆಗುವುದಿಲ್ಲ, ಹೋಗು ಎಂದು ನಕ್ಕರು.

ಬಸ್ಸು ನಡುದಾರಿಯ ಯೇವಲಾ ದಾಟುವವರೆಗೂ ಹೇಳಬಾರದೆಂದೇ ಇದ್ದೆ.

ಕೋಣೆಯ ಉಳಿದವರು ರಜೆಗೆ ಊರಿಗೆ ಹೋಗಿದ್ದರು. ಅಪ್ಪ ಗಡಿಯಾರವನ್ನು ಕಿವಿಗಿಟ್ಟುಕೊಂಡು, “ಅಣ್ಣ ಕೊಟ್ಟಾಗಿಂದ ನೋಡು, ಒಂದ ದಿನಾನೂ…” ಎಂದರು.

“ನಿಂತಿತ್ರಿ ಅಪ್ಪಾ.” ಎಲ್ಲವನ್ನೂ ಹೇಳಿದೆ. “ಎಪ್ಪತ್ತೊಂದು ದಿನ ಕಪಾಟಿಗೆ ಕೀಲಿ ಹಾಕೇನಿ.”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. “ಕಳುವಂತೂ ಆಗಲಿಲ್ಲ ಬಿಡ್ರಿ. ಮಗಳಿಗೆ ಚಾವೀ ದೇ ಅಂದಿದ್ರ ಮುಗೀತಿತ್ತು.”

ಅಪ್ಪ ಗಡಿಯಾರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಊಟಕ್ಕೆ ಕೂತಾಗಲೂ ಅವರ ಕೈ ಬರಿದಾಗಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದನ್ನು ನೋಡಿದರು, ಮುಟ್ಟಲಿಲ್ಲ. ನಾನು ಎತ್ತಿಕೊಂಡು ಕೀಲಿ ಕೊಟ್ಟೆ. ಇಪ್ಪತ್ತೆಂಟನೆಯ ಸುತ್ತಿನಲ್ಲಿ ಬೆರಳಿಗೆ ತಡೆ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿ, ಅಪ್ಪನ ಕೈಗೆ ಕಟ್ಟಿದೆ.