ಲಿಗೋರಿಯಣ್ಣನ ಕಾಲುಸಂಕ
ಹೆಗ್ಗದ್ದೆಯ ಲಿಗೋರಿಯಣ್ಣನಿಗೆ ಭಾನುವಾರ ಇಗರ್ಜಿಯ ಪೂಜೆ ಮುಗಿದರೆ ಎರಡನೆಯ ಪೂಜೆ ಮನೆಯ ಕೆಳಗಿನ ಹಳ್ಳದಲ್ಲಿ. ಶಾಲೆಯ ಮಕ್ಕಳು ದಾಟುವ ಕಾಲುಸಂಕದ ಮರಗಳನ್ನು ಕತ್ತಿಯ ಹಿಡಿಯಿಂದ ತಟ್ಟಿ, ಡಾಕ್ಟರು ಎದೆ ನೋಡುವಂತೆ ಕಿವಿಗೊಟ್ಟು ಕೇಳುತ್ತಿದ್ದನು. “ಸ್ವರ್ಗಕ್ಕೆ ಹೋಗೋ ವಯಸ್ಸು, ಸುಮ್ನೆ ಜಪಮಾಲೆ ಹಿಡಿ ಮಾರಾಯ” ಎಂದು ನೆರೆಮನೆಯ ತೋಟಪ್ಪ ಛೇಡಿಸಿದರೆ, “ಸ್ವರ್ಗ ಎಲ್ಲೂ ಓಡೋಗಲ್ಲ ಕಣೋ, ಈ ಮರ ಒಳಗೇ ಕೊಳೆತು ಲಡ್ಡಾಗೈತೆ” ಎನ್ನುತ್ತಿದ್ದನು. ಒಂದು ಮುಂಗಾರಿಗೆ ಮುಂಚೆ ಅವನೇ ಹಾಸಿಗೆ ಹಿಡಿದನು. ಸಾಯುವವರ ಹಣೆಗೆ ಹಚ್ಚುವ ಕೊನೆಯ ಸಂಸ್ಕಾರದ ಎಣ್ಣೆ ಹಿಡಿದು ಸಂಕ ದಾಟಿ ಬಂದ ಪಾದ್ರಿಗಳನ್ನು ಕಂಡು, “ಸಂಕ ಅಲ್ಲಾಡ್ತಾ ಫಾದರ್?” ಎಂದನು. “ಸ್ವಲ್ಪ ಅಲ್ಲಾಡ್ತು.” “ಹಂಗಾದ್ರೆ ಎಣ್ಣೆ ಆಮೇಲೆ. ಮೊದ್ಲು ಮರ ಹಾಕ್ಸಿ.” ಪಾದ್ರಿಗಳು ನಿಲುವಂಗಿ ಎತ್ತಿಕಟ್ಟಿ ತೋಟಪ್ಪನನ್ನು ಕೂಗಿದರು. ಸಂಜೆ ತೋಟಪ್ಪ ಹೊಸ ಮರವನ್ನು ತಟ್ಟಿದ ಗಟ್ಟಿ ಸದ್ದು ಹಾಸಿಗೆಯವರೆಗೂ ಕೇಳಿದ ಮೇಲೆಯೇ ಲಿಗೋರಿಯಣ್ಣ ಎಣ್ಣೆಗೆ ಹಣೆಯೊಡ್ಡಿದನು.