ತಾರೀಕು ಮರೆಯುವ ಯಂತ್ರ ಮತ್ತು ಮೂಡಲಪಾಳ್ಯದ ಅಂಜನಮ್ಮ

ಬೆಳಗಿನ ಆರು ಗಂಟೆ. ಬಸವೇಶ್ವರನಗರದ ಮನೆಯೊಂದರ ಮುಂದಿನ ಕೋಣೆಯಲ್ಲಿ ಅಂಜನಮ್ಮ ಕಂಪ್ಯೂಟರಿನ ಎದುರು ಕೂತಿದ್ದಾರೆ. ಸ್ವೆಟರು ಇನ್ನೂ ಬಿಚ್ಚಿಲ್ಲ. ಮೂಡಲಪಾಳ್ಯದ ತಮ್ಮ ಮನೆಯಿಂದ ಮೊದಲ ಬಸ್ಸು ಹಿಡಿದು ಇಷ್ಟು ಬೇಗ ಬಂದಿರುವುದಕ್ಕೆ ಕಾರಣವಿದೆ. ಈ ಯಂತ್ರ ಸಂಜೆಯೆಲ್ಲ ಸರಿಯಾಗಿರುತ್ತದೆ, ರಾತ್ರಿ ಆರಿಸಿ ಬೆಳಿಗ್ಗೆ ಹಚ್ಚಿದರೆ ತನ್ನನ್ನೇ ಮರೆತಿರುತ್ತದೆ. ಮರೆತ ಮುಖವನ್ನು ಕಣ್ಣಾರೆ ನೋಡಬೇಕೆಂದೇ ಅವರು ಬಂದಿದ್ದಾರೆ.

ಸ್ವಿಚ್ ಒತ್ತುತ್ತಾರೆ. ಕಪ್ಪು ತೆರೆಯ ಮೇಲೆ ಇಂಗ್ಲಿಷಿನ ಎರಡು ಸಾಲು ಮೂಡಿ ನಿಲ್ಲುತ್ತವೆ. ಎಸ್ಸೆಸ್ಸೆಲ್ಸಿ ದಾಟದ ಅಂಜನಮ್ಮ ಇಂಥ ಸಾಲುಗಳಿಗೆಲ್ಲ ನೋಟ್‌ಬುಕ್ಕಿನಲ್ಲಿ ತಮ್ಮದೇ ಅರ್ಥ ಬರೆದುಕೊಂಡಿದ್ದಾರೆ. ಇದಕ್ಕೆ ಬರೆದಿರುವುದು: "ಡಿಸ್ಕು ಇದೆ, ಇದೆ ಅನ್ನೋದು ಅದಕ್ಕೆ ಗೊತ್ತಿಲ್ಲ." ಯಂತ್ರದ ಪ್ರಕಾರ ಇವತ್ತು 1980ರ ಜನವರಿ ಒಂದು. ಗೋಡೆಯ ಕ್ಯಾಲೆಂಡರಿನಲ್ಲಿ 1989ರ ಫೆಬ್ರವರಿ.

ಮನೆಯ ಯಜಮಾನ ವೆಂಕಟಗಿರಿ ಕಂಪ್ಯೂಟರಿನಲ್ಲಿ ಜಾತಕ ಹಾಕಿಕೊಡುವವರು. ಹತ್ತು ಗಂಟೆಗೆ ಹೆಗ್ಗನಹಳ್ಳಿಯಿಂದ ಹೆಣ್ಣಿನ ಕಡೆಯವರು ಬರುತ್ತಾರೆ.

"ಹುಟ್ಟಿದ ಘಳಿಗೆ ಹೇಳೋ ಮಿಷನ್ನಿಗೆ ಇವತ್ತಿನ ತಾರೀಕೇ ಗೊತ್ತಿಲ್ಲ ಅಂದ್ರೆ ಜನ ನಗಲ್ವೇನಮ್ಮಾ?" ಅನ್ನುತ್ತಾರೆ ಅವರು, ಹಲ್ಲುಜ್ಜುತ್ತಲೇ.

"ನಗಲಿ ಬಿಡಿ ಸಾರ್, ಹತ್ತು ಗಂಟೆವರೆಗೂ ಟೈಮಿದೆಯಲ್ಲ," ಅನ್ನುತ್ತಾರೆ ಅಂಜನಮ್ಮ.

ಮಾತು ಹಗುರ, ಒಳಗೆ ಭಾರ. ಇದು ನಾಲ್ಕನೆಯ ಭೇಟಿ. ಇನ್ನು 'ಆ ಹೆಂಗಸನ್ನ' ಕಳಿಸಬೇಡಿ ಎಂದು ವೆಂಕಟಗಿರಿ ಅಂಗಡಿಗೆ ಫೋನು ಮಾಡಿದ್ದಾರೆ. ಕಂಪ್ಯೂಟರ್ ಜೋಡಿಸಿ ಮಾರುವ ಅಂಗಡಿಯ ಮಾಲೀಕ ಸಿದ್ದಬಸಪ್ಪನವರು ನಿನ್ನೆ ಮೆತ್ತಗೇ ಹೇಳಿದ್ದಾರೆ: "ಇದೊಂದು ಸಲ ನೋಡ್ರಿ. ಆಗಲಿಲ್ಲ ಅಂದ್ರೆ ನೀವು ಬೆಸುಗೆ ಬೆಂಚಿಗೇ ವಾಪಸ್ ಬನ್ನಿ, ಹೊರಗಿನ ಕೆಲಸಕ್ಕೆ ಗಂಡಸರನ್ನ ಹಾಕ್ತೀನಿ."

ಬೆಸುಗೆ ಬೆಂಚು ಅಂಜನಮ್ಮನಿಗೆ ಹೊಸದಲ್ಲ. ಟೆಲಿಫೋನಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ತಲೆ ತಗ್ಗಿಸಿ ಸೀಸ ಕರಗಿಸಿದವರು ಅವರು. ಅದು ಬಾಗಿಲು ಹಾಕಿದ ಮೇಲೆ ರಾಜಾಜಿನಗರದ ಈ ಅಂಗಡಿಗೆ ಬಂದರು. ಇಲ್ಲೂ ಬೆಂಚೇ. ಎರಡು ವರ್ಷದ ಹಿಂದೆ ಒಂದು ದಿನ ಹೊರಗೆ ಹೋಗುವವರು ಯಾರೂ ಇರಲಿಲ್ಲ, ಇವರನ್ನು ಕಳಿಸಿದರು. ಯಂತ್ರ ಎದ್ದು ಕೂತಿತು. ಅಂದಿನಿಂದ ದಿನಕ್ಕೆ ಮೂರೋ ನಾಲ್ಕೋ ಮನೆ, ಐದಾರು ಬಸ್ಸು, ಹೆಗಲಿಗೆ ಚೀಲ. ಅದರಲ್ಲಿ ಕರೆಂಟು ಅಳೆಯುವ ಮೀಟರು, ಎರಡು ಸ್ಕ್ರೂಡ್ರೈವರು, ಊಟದ ಡಬ್ಬಿ. ಗಂಡಸರು ಯಾರಾದರೂ ಹಿಂದೆ ಬರುತ್ತಿದ್ದಾರಾ ಎಂದು ಬಾಗಿಲಲ್ಲಿ ಬಗ್ಗಿ ನೋಡುವವರು ಈಗಲೂ ಇದ್ದಾರೆ.

"ಬೆಂಚಲ್ಲಿ ಕೂತಿದ್ರೆ ನಾನು ಏನು ಮಾಡಿದೆ ಅನ್ನೋದು ನಂಗೇ ಕಾಣಲ್ಲ. ಬೋರ್ಡು ಮುಂದಕ್ಕೆ ಹೋಗಿಬಿಡುತ್ತೆ. ಮನೇಲಿ ಹಂಗಲ್ಲ, ಕೆಟ್ಟಿದ್ದು ನನ್ನ ಕೈಲಿ ಎದ್ದೇಳೋದು ಕಾಣುತ್ತೆ," ಅನ್ನುತ್ತಾರೆ. ಆ ಕಾಣುವುದನ್ನು ಕಳಕೊಳ್ಳುವ ಭಯ ಈ ಬೆಳಿಗ್ಗೆ ಅವರ ಬೆರಳ ತುದಿಯಲ್ಲಿದೆ.

ಯಂತ್ರ ಆರಿರುವಾಗ ಅದರ ನೆನಪು ಕಾಯುವುದು ನಾಲ್ಕು ಪೆನ್ಸಿಲ್ ಸೆಲ್ಲು. ಮೊದಲ ಭೇಟಿಯಲ್ಲೇ ಅಂಜನಮ್ಮ ಹೊಸ ಸೆಲ್ಲು ಹಾಕಿ, ಮುಂದೆ ಬದಲಿಸಲು ಸುಲಭವಾಗಲೆಂದು ಸೆಲ್ಲಿನ ಪೆಟ್ಟಿಗೆಯನ್ನು ಹೊರತಂದು ಯಂತ್ರದ ಬೆನ್ನಿಗೆ ಅಂಟಿಸಿದ್ದರು. ಎರಡನೇ ಸಲ ಸಂಜೆ ಬಂದು ಮೀಟರು ಹಿಡಿದರೆ ಮುಳ್ಳು ಸರಿಯಾಗೇ ನಿಂತಿತು. ಹಾಗಾಗಿ ಯಂತ್ರದೊಳಗಿನ ಬೋರ್ಡಿನ ಮೇಲೆ ಅನುಮಾನಪಟ್ಟು ಬೆಸುಗೆ ಹಾಕಿದರು. ಕಳೆದ ವಾರ ಮತ್ತೆ ಹೊಸ ಸೆಲ್ಲು ಹಾಕಿ, ಅದರ ಮೇಲೆ ಮೊಳೆಯಿಂದ ತಾರೀಕು ಗೀಚಿದರು.

ಈಗ ಪೆಟ್ಟಿಗೆ ಬಿಚ್ಚಿದರೆ ಗೀಚಿದ ಸೆಲ್ಲುಗಳೇ ಇಲ್ಲ. ಅಲ್ಲಿರುವ ಸೆಲ್ಲುಗಳ ಬಣ್ಣ ಮಾಸಿ ಬಿಳಿಚಿದೆ. ಮೀಟರಿನ ಮುಳ್ಳು ಅರ್ಧಕ್ಕೂ ಏಳುವುದಿಲ್ಲ.

ಅಡುಗೆಮನೆಯಲ್ಲಿ ಟ್ರಾನ್ಸಿಸ್ಟರು ಗಟ್ಟಿಯಾಗಿ ಸುಪ್ರಭಾತ ಹಾಡುತ್ತಿದೆ. ವೆಂಕಟಗಿರಿಯವರ ತಾಯಿ ರಾಮಕ್ಕ ಕಾಫಿ ಸೋಸುತ್ತಿದ್ದಾರೆ. ಅವರ ಕಿಟಕಿಯ ಕಟ್ಟೆಯ ಮೇಲೆ, ಬಿಸಿಲು ಬೀಳುವ ಜಾಗದಲ್ಲಿ, ಹಪ್ಪಳದ ತಟ್ಟೆಯ ಪಕ್ಕ ಇನ್ನೂ ನಾಲ್ಕು ಸೆಲ್ಲು ಸಾಲಾಗಿ ಮಲಗಿವೆ.

"ಅಜ್ಜಿ, ರೇಡಿಯೊ ಒಳ್ಳೇ ಜೋರಾಗಿದೆಯಲ್ಲ?"

"ಅದನ್ಯಾಕೆ ಕೇಳ್ತೀಯ ಕಣಮ್ಮ, ಮೊದಲು ಗೊರಗೊರ ಅಂತಿತ್ತು. ನಿನ್ನ ಮಿಷನ್ನಿನ ಸೆಲ್ಲು ಹಾಕ್ದೆ. ಮಿಷನ್ನು ಕರೆಂಟಲ್ಲಿ ಓಡೋದು ತಾನೇ, ಅದಕ್ಯಾಕೆ ಹೊಸ ಸೆಲ್ಲು? ಹಂಗಂತ ಖಾಲಿ ಬಿಟ್ಟಿಲ್ಲ. ರೇಡಿಯೊದ ಹಳೇ ಸೆಲ್ಲು ಬಿಸಿಲಲ್ಲಿ ಒಣಗಿಸಿ ಸಾಯಂಕಾಲ ಸಾಯಂಕಾಲ ಮರೀದೆ ಹಾಕ್ತಿದೀನಿ."

ಅಂಜನಮ್ಮ ಟ್ರಾನ್ಸಿಸ್ಟರಿನ ಬೆನ್ನು ತೆಗೆಯುತ್ತಾರೆ. ನಾಲ್ಕರ ಮೇಲೂ ತಾವೇ ಗೀಚಿದ ತಾರೀಕು. ಬಿಸಿಲು ಕಾಯಿಸಿದ ಸೆಲ್ಲು ಸಂಜೆ ಮೀಟರಿಗೆ ಸುಳ್ಳು ಹೇಳಿ, ರಾತ್ರಿಯ ಚಳಿಗೆ ಸತ್ತುಹೋಗುತ್ತಿತ್ತು. ಎರಡನೇ ಸಲ ಮುಳ್ಳನ್ನು ನಂಬಿ ಬೋರ್ಡಿಗೆ ಸುಮ್ಮನೆ ಬೆಸುಗೆ ಹಾಕಿದ್ದು ಈಗ ಅರ್ಥವಾಗುತ್ತದೆ. ಬಾಗಿಲಲ್ಲಿ ನಿಂತ ವೆಂಕಟಗಿರಿಯವರ ಬಾಯಿಂದ ಬ್ರಷ್ಷು ಕೆಳಗಿಳಿಯುತ್ತದೆ.

"ಅಮ್ಮಾ, ಏನಮ್ಮಾ ನೀನು..."

"ಅಜ್ಜಿನ ಏನೂ ಅನ್ಬೇಡಿ ಸಾರ್. ಕೈಗೆ ಸಿಗೋ ಹಂಗೆ ಹೊರಗೆ ಅಂಟಿಸಿದ್ದು ನಾನು," ಅನ್ನುತ್ತಾರೆ ಅಂಜನಮ್ಮ.

ತಮ್ಮ ಚೀಲದಿಂದ ಹೊಸ ಸೆಲ್ಲು ತೆಗೆದು, ಪೆಟ್ಟಿಗೆಯನ್ನು ಯಂತ್ರದ ಒಳಕ್ಕೆ ಸೇರಿಸಿ, ನಾಲ್ಕು ಸ್ಕ್ರೂ ಬಿಗಿಯುತ್ತಾರೆ. ಡಿಸ್ಕಿನ ನಮೂನೆಯ ನಂಬರು, ಮೆಮೊರಿ, ಗಂಟೆ, ತಾರೀಕು ಒಂದೊಂದಾಗಿ ತುಂಬುತ್ತಾರೆ. ಆರಿಸುತ್ತಾರೆ. ಒಂದು ಗಂಟೆ ಕಾಯುತ್ತಾರೆ. ರಾಮಕ್ಕ ಎರಡು ಸಲ ಕಾಫಿ ಕೊಡುತ್ತಾರೆ. ಎಂಟಕ್ಕೆ ಮತ್ತೆ ಹಚ್ಚಿದಾಗ ಯಂತ್ರ ತನ್ನ ಮೆಮೊರಿಯನ್ನು ಸರಸರನೆ ಎಣಿಸಿ, ಡಿಸ್ಕನ್ನು ಕಂಡುಕೊಂಡು, ಇವತ್ತಿನ ತಾರೀಕು ತೋರಿಸಿ, ಅಪ್ಪಣೆಗೆ ಕಾಯುತ್ತ ನಿಲ್ಲುತ್ತದೆ. ಯಾವ ಸಾಲೂ ಅಡ್ಡ ಬರುವುದಿಲ್ಲ. ಅಂಜನಮ್ಮ ಸ್ವೆಟರು ಬಿಚ್ಚಿ ಮಡಚುತ್ತಾರೆ.

ವೆಂಕಟಗಿರಿ ಅಂಗಡಿಗೆ ಫೋನು ಮಾಡುತ್ತಾರೆ. ಏನಾಗಿತ್ತು ಎಂದು ಆ ಕಡೆಯಿಂದ ಕೇಳಿದಾಗ ತಾಯಿಯ ಮುಖ ನೋಡಿ ತಡವರಿಸುತ್ತಾರೆ. ಅಂಜನಮ್ಮ ರಿಸೀವರು ಇಸಕೊಳ್ಳುತ್ತಾರೆ.

"ಸೆಲ್ಲಿನ ಪೆಟ್ಟಿಗೆ ನಾನು ಹೊರಗೆ ಹಾಕಿದ್ದೇ ತಪ್ಪಾಗಿತ್ತು ಸಾರ್. ಬೋರ್ಡು ಚೆನ್ನಾಗಿದೆ. ಎಲ್ಲ ಮನೇಲೂ ಒಳಗೇ ಹಾಕ್ಬೇಕು ಇನ್ಮೇಲೆ."

ಆ ಕಡೆಯಿಂದ ಸಿದ್ದಬಸಪ್ಪನವರು ಅನ್ನುತ್ತಾರೆ, "ಕೆಂಗೇರೀಲಿ ಎರಡು ಮಿಷನ್ ಇದೇ ತರ ನಿಂತಿವೆಯಂತೆ. ಅಲ್ಲಿಂದಾನೇ ಹೋಗಿಬಿಡ್ತೀರಾ? ನಾಳೆಯಿಂದ ಹೊರಗಿನ ಕೆಲಸದ ಲಿಸ್ಟು ನೀವೇ ಇಟ್ಕೊಳ್ರಿ."

"ಹೋಗ್ತೀನಿ ಸಾರ್," ಅನ್ನುತ್ತಾರೆ ಅಂಜನಮ್ಮ. ರಿಸೀವರು ಇಟ್ಟ ಮೇಲೂ ಕೈ ಅದರ ಮೇಲೇ ಇರುತ್ತದೆ.

ಬಸ್ ನಿಲ್ದಾಣಕ್ಕೆ ನಡೆಯುವಾಗ ಅವರ ಹೆಜ್ಜೆ ಚೀಲದ ಭಾರ ಮರೆತಂತಿದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ನಾಚಿಕೊಂಡು ನಗುತ್ತಾರೆ.

"ನನ್ನನ್ನ ಯಾವಾಗ್ಲೂ ಕೆಟ್ಟ ಮೇಲೇ ಕರೀತಾರೆ. ಒಂದ್ಸಲ ಯಾರ ಮನೆಗಾದ್ರೂ ಹೊಸ ಮಿಷನ್ ಬಂದಾಗ, ಮೊದಲನೇ ಸ್ವಿಚ್ಚು ನಾನು ಹಾಕ್ಬೇಕು."